ಜಗ್ಗಿದರೂ ಹರಿಯದ ನೆಲ

ನಿಡಘಟ್ಟದ ಹೆಸರು ಹೊರಗಿನವರ ಬಾಯಿಗೆ ಬಿದ್ದದ್ದು ಹೆದ್ದಾರಿಯಿಂದ. ಬೆಂಗಳೂರು–ಮೈಸೂರು ದಶಪಥವನ್ನು ಎರಡು ತುಂಡು ಮಾಡಿ ಕಾಮಗಾರಿಗೆ ಕೊಟ್ಟರು. ಬೆಂಗಳೂರಿನಿಂದ ನಿಡಘಟ್ಟದವರೆಗೆ 56 ಕಿಲೋಮೀಟರ್ ಒಂದು, ಅಲ್ಲಿಂದ ಮೈಸೂರಿಗೆ 61 ಕಿಲೋಮೀಟರ್ ಇನ್ನೊಂದು. 2023ರ ಮಾರ್ಚಿನಲ್ಲಿ ರಸ್ತೆಯ ಉದ್ಘಾಟನೆಯಾಗುವ ತನಕ ಪತ್ರಿಕೆಗಳಲ್ಲಿ ಈ ಊರು ಕಾಣಿಸಿಕೊಳ್ಳುತ್ತಿದ್ದದ್ದು ಎರಡು ತುಂಡುಗಳು ಕೂಡುವ ಜಾಗವಾಗಿ. ಭೂವಿಜ್ಞಾನ ಓದಿಕೊಂಡವರಿಗೆ ಇದರಲ್ಲಿ ಒಂದು ತಮಾಷೆ ಕಾಣುತ್ತದೆ. ಈ ಊರಿನ ಪೂರ್ವಕ್ಕೆ, ಚನ್ನಪಟ್ಟಣ–ರಾಮನಗರದ ಕಡೆ, ಉತ್ತರ ದಕ್ಷಿಣವಾಗಿ ಸುಮಾರು 400 ಕಿಲೋಮೀಟರ್ ಉದ್ದಕ್ಕೆ ಕ್ಲೋಸ್‌ಪೇಟೆ ಗ್ರಾನೈಟು ನೆಲವನ್ನು ಹೊಲಿದಂತೆ ಹಾದುಹೋಗಿದೆ. ಪಶ್ಚಿಮಕ್ಕೆ ಗದಗದಿಂದ ಮಂಡ್ಯದ ಕಡೆಗೆ ಬಂದಿಳಿಯುವ ಇನ್ನೊಂದು ಹಳೆಯ ಬೆಸುಗೆ ಇದೆ. ಎರಡೂ ಹತ್ತಿರಹತ್ತಿರ 250 ಕೋಟಿ ವರ್ಷಗಳ ಹಿಂದಿನ ಮಾತು. ರಸ್ತೆ ಮಾಡಿದವರಿಗೆ ಇದೇನೂ ಗೊತ್ತಿರಬೇಕಾಗಿರಲಿಲ್ಲ.

ಬೆಸುಗೆಯ ಕಥೆ ಬೇರೆ ಅಧ್ಯಾಯಕ್ಕೆ ಇರಲಿ. ಇಲ್ಲಿ ಹೇಳಹೊರಟಿರುವುದು ಅದರ ತಿರುವುಮುರುವು: ಕೂಡಿಕೊಂಡ ನೆಲವನ್ನು ಎರಡೂ ಕಡೆಯಿಂದ ಹಿಡಿದು ಜಗ್ಗಿದರೆ ಏನಾಗುತ್ತದೆ?

ಇದರ ಅರ್ಧ ಪಾಠ ಮದ್ದೂರು ಸೀಮೆಯ ಆಲೆಮನೆಗಳಲ್ಲಿ ಪುಕ್ಕಟೆ ಸಿಗುತ್ತದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಗಟ್ಟಿಯಾಗುತ್ತ ಬಂದಾಗ, ಹದ ನೋಡಲು ಪಾಕದ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಳಿಸುತ್ತಾರೆ. ನಾನು ಹೋದಾಗ ಪಾಕವನ್ನು ಇಳಿಸಿ ತೊಟ್ಟಿಗೆ ಸುರಿದಾಗಿತ್ತು. ಮೇಲ್ಮೈ ಆರಿ ತೆಳ್ಳಗೆ ಕೆನೆಗಟ್ಟಿತ್ತು, ಅಡಿಯಲ್ಲಿ ಇನ್ನೂ ಕೈ ಸುಡುವ ಪಾಕ. ಕೆಲಸದವನು ಮರದ ಹಲಗೆಯಿಂದ ಒಂದು ಅಂಚನ್ನು ತನ್ನ ಕಡೆಗೆ ಮೆಲ್ಲಗೆ ಎಳೆದ. ಮೇಲಿನ ಕೆನೆ ಅಡ್ಡಡ್ಡ ಬಿರಿದು, ಚೂರುಚೂರಾಗಿ ಒಂದೊಂದೂ ಒಂದೊಂದು ಕಡೆ ವಾಲಿಕೊಂಡಿತು. ಅಡಿಯ ಪಾಕ ಬಿರಿಯಲಿಲ್ಲ. ಎಳೆದಷ್ಟೂ ನೀಳವಾಗಿ ಬಂದು ತೆಳ್ಳಗಾಯಿತು. ಚೂರುಗಳ ನಡುವಿನ ಒಂದು ಸಂದಿಯಲ್ಲಿ ಬಿಸಿ ಪಾಕ ಜಿನುಗಿ ಮೇಲೆ ಬಂದು, ಅಲ್ಲೇ ಆರಿ, ಸುತ್ತಲಿನ ಬೆಲ್ಲಕ್ಕಿಂತ ಒಂದು ಬಣ್ಣ ಕಪ್ಪಗೆ ಗೆರೆಯಾಗಿ ನಿಂತಿತು. ನಾನು ಅದನ್ನೇ ನೋಡುತ್ತಿದ್ದದ್ದು ಕಂಡು ಆತನಿಗೆ ನಗು.

"ಬಿಸೀಲಿ ಎಳುದ್ರೆ ಎಳ್ಕೊಂಡ್ ಬತ್ತದೆ ಸಾ, ಆರೋದ್ಮೇಲೆ ಎಳುದ್ರೆ ಪಟಕ್ನೆ ಮುರೀತದೆ," ಎಂದ. ಮತ್ತೆ ಏನೋ ನೆನಪಾದವನಂತೆ, "ನಿಧಾನುಕ್ ಎಳೀಬೇಕು. ದಡಕ್ನೆ ಎಳುದ್ರೆ ಬಿಸಿದೂ ಹರ್ದೋಯ್ತದೆ," ಎಂದು ಸೇರಿಸಿದ.

ಬಂಡೆಯ ಸ್ವಭಾವವೂ ಇಷ್ಟೇ: ಎಷ್ಟು ಬಿಸಿ, ಎಷ್ಟು ನಿಧಾನ. ಭೂಚಿಪ್ಪಿನ ಮೇಲಿನ ಹತ್ತು ಹದಿನೈದು ಕಿಲೋಮೀಟರ್ ತಣ್ಣಗಿದೆ. ಎಳೆದರೆ ಬಿರಿಯುತ್ತದೆ, ಬಿರುಕಿನ ಗುಂಟ ಜಾರುತ್ತದೆ. ಈ ಜಾರುಬಿರುಕುಗಳೇ ಸ್ತರಭಂಗಗಳು. ಇನ್ನೂ ಕೆಳಗೆ ಹೋದಂತೆ ಬಿಸಿ ಏರಿ, ಸುಮಾರು 300 ಡಿಗ್ರಿಗೆ ಬೆಣಚುಕಲ್ಲಿನ ಹರಳುಗಳು ಮೆತ್ತಗಾಗತೊಡಗುತ್ತವೆ. ಮೆತ್ತಗೆ ಎಂದರೆ ಕರಗುವುದಲ್ಲ. ಕಲ್ಲು ಕಲ್ಲಾಗಿಯೇ ಇದ್ದು, ಲಕ್ಷಗಟ್ಟಲೆ ವರ್ಷಗಳ ಲೆಕ್ಕದಲ್ಲಿ ಪಾಕದಂತೆ ಹರಿಯುತ್ತದೆ. ಆದರೆ ಬೆಲ್ಲದ ಹೋಲಿಕೆ ಇಲ್ಲಿಂದಾಚೆಗೆ ಸೋಲುತ್ತದೆ. ಭೂಚಿಪ್ಪು ಮುಗಿದು ಮ್ಯಾಂಟಲ್ ಶುರುವಾಗುವಲ್ಲಿ ಕಲ್ಲಿನ ಜಾತಿಯೇ ಬದಲಾಗುತ್ತದೆ. ಅಲ್ಲಿರುವುದು ಹೆಚ್ಚಾಗಿ ಆಲಿವೀನ್ ಎಂಬ ಹಸಿರು ಖನಿಜ. ಅದು ಮೆತ್ತಗಾಗಲು 700–800 ಡಿಗ್ರಿಯಾದರೂ ಬೇಕು. ಹಾಗಾಗಿ ಮೆತ್ತನೆಯ ಪದರದ ಅಡಿಯಲ್ಲಿ ಮತ್ತೊಂದು ಗಟ್ಟಿ ಪದರ. ಹೋಳಿಗೆ ಮುರಿದು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ: ಮೇಲೆ ಕಣಕ, ನಡುವೆ ಹೂರಣ, ಅಡಿಯಲ್ಲಿ ಮತ್ತೆ ಕಣಕ. ಭೂಚಿಪ್ಪೂ ಮ್ಯಾಂಟಲಿನ ಈ ಗಟ್ಟಿ ಮೇಲ್ಭಾಗವೂ ಒಟ್ಟಾಗಿ ಚಲಿಸುವುದರಿಂದ ಎರಡನ್ನೂ ಸೇರಿಸಿ ಶಿಲಾಗೋಳ ಎನ್ನುತ್ತಾರೆ. ಹಳೆಯ ಖಂಡಗಳ ಅಡಿಯಲ್ಲಿ ಇದು ನೂರರಿಂದ ಇನ್ನೂರು ಕಿಲೋಮೀಟರ್ ದಪ್ಪ. ಖಂಡವನ್ನು ಜಗ್ಗುವುದೆಂದರೆ ಈ ಇಡೀ ಹೋಳಿಗೆಯನ್ನು ಜಗ್ಗಬೇಕು. ಮೇಲೆ ಕಾಣುವ ಬಿರುಕು ಅದರ ತೀರ ಚಿಕ್ಕ ಪಾಲು.

ಜಗ್ಗಿದರೆ ಆಗುವ ಪರಿಣಾಮವನ್ನು ಸರಳ ಲೆಕ್ಕಕ್ಕೆ ತಂದವರು ಕೇಂಬ್ರಿಜ್‌ನ ಡ್ಯಾನ್ ಮೆಕೆಂಜಿ, 1978ರಲ್ಲಿ. ನೂರು ಕಿಲೋಮೀಟರ್ ಅಗಲದ ನೆಲ ಎಳೆದು ಇನ್ನೂರು ಆಯಿತೆನ್ನಿ. ದಪ್ಪ ಅರ್ಧಕ್ಕೆ ಇಳಿಯಲೇಬೇಕು. 35 ಕಿಲೋಮೀಟರ್ ಇದ್ದ ಭೂಚಿಪ್ಪು ಹದಿನೇಳೂವರೆಗೆ ಬರುತ್ತದೆ. ಭೂಚಿಪ್ಪು ಹಗುರ, ಮ್ಯಾಂಟಲ್ ಭಾರ. ನೀರಿನ ಮೇಲೆ ದಪ್ಪ ದಿಮ್ಮಿ ಎತ್ತರಕ್ಕೆ ತೇಲುತ್ತದೆ, ತೆಳು ಹಲಗೆ ನೀರಿನ ಮಟ್ಟಕ್ಕೇ ಇರುತ್ತದೆ. ಹಾಗೆ ತೆಳ್ಳಗಾದ ಭೂಚಿಪ್ಪು ತಗ್ಗಿಗೆ ಇಳಿಯುತ್ತದೆ. ಆದರೆ ಅದೇ ಹೊತ್ತಿಗೆ ಅಡಿಯ ಗಟ್ಟಿ ಮ್ಯಾಂಟಲ್ ಕೂಡ ತೆಳ್ಳಗಾಗಿ, ಇನ್ನೂ ಆಳದ ಬಿಸಿ ಮ್ಯಾಂಟಲ್ ಆ ಜಾಗಕ್ಕೆ ಉಬ್ಬಿ ಬರುತ್ತದೆ. ಬಿಸಿ ಕಲ್ಲು ಹಿಗ್ಗಿ ಹಗುರವಾಗಿರುವುದರಿಂದ ನೆಲವನ್ನು ಮೇಲಕ್ಕೆ ಒತ್ತುತ್ತದೆ. ಒಂದು ಇಳಿಸುತ್ತದೆ, ಇನ್ನೊಂದು ಏರಿಸುತ್ತದೆ. ಎಳೆತ ನಿಂತ ಮೇಲೆ ಈ ಬಿಸಿ ಆರಲು ಕೋಟಿಗಟ್ಟಲೆ ವರ್ಷ ಬೇಕು. ಆರುತ್ತ ಆರುತ್ತ ನೆಲ ಮತ್ತೆ ಮೆಲ್ಲಗೆ ಕುಸಿಯುತ್ತದೆ, ಆ ಕುಸಿತಕ್ಕೆ ನದಿಗಳು ಮಣ್ಣು ತುಂಬುತ್ತವೆ. ಸೈಬೀರಿಯಾದ ಬೈಕಲ್ ಸರೋವರ ಇಂಥ ಬಿರುಕು ಕಣಿವೆಯಲ್ಲಿ ನಿಂತ ನೀರು. 1642 ಮೀಟರ್ ಆಳ, ಅದರ ತಳದಲ್ಲಿ ಕಿಲೋಮೀಟರುಗಟ್ಟಲೆ ಕೆಸರು.

ಬೆಲ್ಲದ ಸಂದಿಯಲ್ಲಿ ಜಿನುಗಿದ ಕಪ್ಪು ಗೆರೆಗೆ ಬರೋಣ. ಮ್ಯಾಂಟಲ್ ಎಂದರೆ ಕುದಿಯುವ ಲಾವಾದ ಹಂಡೆ ಎಂದು ಅನೇಕ ಪಠ್ಯಪುಸ್ತಕಗಳ ಚಿತ್ರಗಳು ಈಗಲೂ ಸುಳ್ಳು ಹೇಳುತ್ತವೆ. ಅದು ಘನ ಕಲ್ಲು. 1,300 ಡಿಗ್ರಿ ಬಿಸಿಯಿದ್ದರೂ ಕರಗದಿರುವುದಕ್ಕೆ ಮೇಲಿನ ಒತ್ತಡ ಕಾರಣ. ಕುಕ್ಕರಿನ ಒಳಗಿನ ನೀರು 100 ಡಿಗ್ರಿ ದಾಟಿದ ಮೇಲೂ ನೀರಾಗಿಯೇ ಇರುತ್ತದೆ. ಅವಸರಕ್ಕೆ ವೆಯ್ಟ್ ಎತ್ತಿದರೆ ಗ್ಯಾಸ್ ಆರಿಸಿದ ಮೇಲೂ ಭರ್ರನೆ ಕುದಿದು ಬೇಳೆ ನೀರೆಲ್ಲ ಮೇಲೆ ಹಾರುತ್ತದೆ. ಶಿಲಾಗೋಳ ತೆಳ್ಳಗಾದಾಗ ಆಗುವುದೂ ಅದೇ. ಬಿಸಿ ಮ್ಯಾಂಟಲ್ ಮೇಲೇರುತ್ತದೆ, ಒತ್ತಡ ಇಳಿಯುತ್ತದೆ, ಹೊಸದಾಗಿ ಬಿಸಿ ಕೊಡದೆಯೇ ಅದರ ಒಂದು ಪಾಲು ಕರಗುತ್ತದೆ. ಕರಗಿದ ಕಲ್ಲು ನೆಟ್ಟಗೆ ಸೀಳಿದ ಬಿರುಕುಗಳಲ್ಲಿ ಏರಿ ಬಂದು, ದಾರಿಯಲ್ಲೇ ಆರಿ, ಗೋಡೆಯಾಗಿ ನಿಲ್ಲುತ್ತದೆ. ಈ ಗೋಡೆಗೆ ಡೈಕ್ ಎಂದು ಹೆಸರು.

ನಿಡಘಟ್ಟದಿಂದ ಬೆಂಗಳೂರು ದಾರಿಯಲ್ಲಿ ಹಿಂದಕ್ಕೆ ಹೋಗಿ ಬಿಡದಿ, ಹಾರೋಹಳ್ಳಿ, ಕನಕಪುರದ ಹೊಲಗಳ ನಡುವೆ ಸುತ್ತಾಡಿದರೆ ಡೈಕುಗಳು ಕಾಲಿಗೇ ಸಿಗುತ್ತವೆ. ಬೂದು ಬಣ್ಣದ ಹಾಸುಬಂಡೆಯ ಸೀಮೆಯಲ್ಲಿ ಇದ್ದಕ್ಕಿದ್ದಂತೆ ಕರಿ ಗುಂಡುಕಲ್ಲುಗಳ ಸಾಲು, ಯಾರೋ ನೂಲು ಹಿಡಿದು ಜೋಡಿಸಿದ ಹಾಗೆ. ಜನ ಕರಿಕಲ್ಲು ಎಂದು ಸುಮ್ಮನಾಗುತ್ತಾರೆ. ಭೂವಿಜ್ಞಾನಿಗೆ ಅದು ಡಾಲರೈಟ್. ಪಾಲಿಶ್ ಮಾಡಿಸಿ ಅಡುಗೆಮನೆಯ ಕಟ್ಟೆಗೆ ಹಾಸುವವರಿಗೆ ಬ್ಲ್ಯಾಕ್ ಗ್ರಾನೈಟ್. ಇದರಲ್ಲಿ ಗ್ರಾನೈಟು ಎಳ್ಳಷ್ಟೂ ಇಲ್ಲ, ಆದರೆ ವ್ಯಾಪಾರದ ಹೆಸರನ್ನು ತಿದ್ದಲು ಹೋದವರು ಯಾರೂ ಗೆದ್ದಿಲ್ಲ. ಚಾಮರಾಜನಗರದ ಇದೇ ಜಾತಿಯ ಕಲ್ಲು ಯುರೋಪಿನ ಸ್ಮಶಾನಗಳ ತನಕ ಹೋಗಿದೆ.

ಕ್ವಾರಿಯಲ್ಲಿ ಹೊಸದಾಗಿ ಒಡೆದ ಮುಖ ಸಿಕ್ಕರೆ ಡೈಕಿನ ಅಂಚನ್ನು ಹುಡುಕಿ. ಬೂದು ನೈಸ್ ಕಲ್ಲು ಮುಗಿದು ಕರಿಕಲ್ಲು ಶುರುವಾಗುವ ಗೆರೆ ಚಾಕುವಿನಿಂದ ಕೊಯ್ದಂತೆ ಇರುತ್ತದೆ. ಗೆರೆಗೆ ತಾಗಿದ ಕಡೆ ಕರಿಕಲ್ಲು ನುಣ್ಣಗೆ, ಹರಳೇ ಕಾಣದಷ್ಟು ಸಣ್ಣ. ಅಲ್ಲಿಂದ ನಾಲ್ಕು ಹೆಜ್ಜೆ ಒಳಗೆ ನಡೆದರೆ ಕಪ್ಪಿನ ನಡುವೆ ಬಿಳಿ ಕಡ್ಡಿಗಳಂಥ ಹರಳುಗಳು ಬರಿಗಣ್ಣಿಗೆ ಕಾಣತೊಡಗುತ್ತವೆ. ತಣ್ಣನೆಯ ಗೋಡೆ ತಾಗಿದ್ದು ಬೇಗ ಆರಿತು, ಹರಳು ಬೆಳೆಯಲು ಪುರುಸೊತ್ತು ಸಿಗಲಿಲ್ಲ. ನಡುವಿನದು ನಿಧಾನಕ್ಕೆ ಆರಿತು. ನನಗೆ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಡೈಕಿನ ಈ ಬದಿಯ ನೈಸೂ ಆ ಬದಿಯ ನೈಸೂ ಒಂದೇ. ನಡುವಿನ ಕರಿಗೋಡೆ ತೆಗೆದು ಎರಡನ್ನೂ ಹತ್ತಿರ ತಂದರೆ ಹಾಗೆಯೇ ಕೂಡಿಕೊಳ್ಳುತ್ತವೆ. ಅಂದರೆ ಗೋಡೆಯ ಅಗಲವೆಷ್ಟೋ ಅಷ್ಟು ನೆಲ ಅಲ್ಲಿ ಬಾಯಿ ತೆರೆದಿತ್ತು. ಎರಡು ಕಿಲೋಮೀಟರಿಗೆ ಇಪ್ಪತ್ತು ಮೀಟರ್ ಅಗಲದ ಒಂದು ಡೈಕ್ ಸಿಕ್ಕಿತೆಂದರೆ ಆ ನೆಲ ಒಂದು ಪರ್ಸೆಂಟ್ ಹಿಗ್ಗಿತು ಎಂದು ಲೆಕ್ಕ. ಟೇಪು ಹಿಡಿದು ಅಳೆಯಬಹುದಾದ ಭೂವಿಜ್ಞಾನ ಇದು.

ದಿಕ್ಕೂ ಮಾತಾಡುತ್ತದೆ. ಬಿರುಕು ಎಳೆತಕ್ಕೆ ಅಡ್ಡಲಾಗಿ ಬೀಳುತ್ತದೆ. ಹಾರೋಹಳ್ಳಿ ಸುತ್ತಿನ ಹಳೆಯ ಡಾಲರೈಟ್ ಡೈಕುಗಳು ಹೆಚ್ಚುಕಡಿಮೆ ಪೂರ್ವ–ಪಶ್ಚಿಮವಾಗಿ ಮಲಗಿವೆ. ಹಾಗಾದರೆ ನೆಲವನ್ನು ಎಳೆದದ್ದು ಉತ್ತರ–ದಕ್ಷಿಣಕ್ಕೆ. ಇವುಗಳ ಕಾಲ ಸುಮಾರು 237 ಕೋಟಿ ವರ್ಷ ಹಿಂದೆ. ಇದೇ ಕಾಲದ ಡೈಕುಗಳ ಹಿಂಡು ಆಂಧ್ರ, ತೆಲಂಗಾಣದ ತನಕ ಚಾಚಿಕೊಂಡಿರುವುದರಿಂದ ಬೆಂಗಳೂರು–ಕರೀಂನಗರ ಹಿಂಡು ಎಂದೂ ಅದನ್ನು ಕರೆಯುತ್ತಾರೆ. ಹಾರೋಹಳ್ಳಿಯಲ್ಲೇ ಇನ್ನೊಂದು ಜಾತಿಯ, ಕ್ಷಾರ ಹೆಚ್ಚಿರುವ ಡೈಕುಗಳಿವೆ. 1976ರಲ್ಲಿ ಅವುಗಳ ವಯಸ್ಸು 81 ಕೋಟಿ ಎಂದು ಬರೆದರು. 2008ರಲ್ಲಿ ಜಿರ್ಕಾನ್ ಹರಳುಗಳಿಂದ ಅಳೆದಾಗ 119 ಕೋಟಿ ಎಂದಾಯಿತು. ಮೂವತ್ತೆಂಟು ಕೋಟಿ ವರ್ಷದ ವ್ಯತ್ಯಾಸ! ನಮ್ಮ ಶಾಸ್ತ್ರದಲ್ಲಿ ಇಂಥ ತಿದ್ದುಪಡಿಗೆ ಯಾರೂ ನಾಚಿಕೊಳ್ಳುವುದಿಲ್ಲ.

ಅಂತೂ ಈ ಸೀಮೆಯನ್ನು ಒಮ್ಮೆಯಲ್ಲ, ಮತ್ತೆ ಮತ್ತೆ ಜಗ್ಗಿದ್ದಾರೆ. ಪ್ರತಿ ಸಲವೂ ಅದು ಬಿರಿಯಿತು, ಬಿರುಕಿಗೆ ಕರಿಕಲ್ಲು ತುಂಬಿಕೊಂಡಿತು, ಗಟ್ಟಿಯಾಯಿತು. ಬೇರೆಯಾಗಲಿಲ್ಲ.

ಡೈಕ್ ಹುಟ್ಟುವುದನ್ನು ಮನುಷ್ಯರು ಕಂಡದ್ದಿದೆ. 2005ರ ಸೆಪ್ಟೆಂಬರಿನಲ್ಲಿ ಇಥಿಯೋಪಿಯಾದ ಅಫಾರ್ ಮರುಭೂಮಿಯಲ್ಲಿ, ದಬ್ಬಾಹು ಜ್ವಾಲಾಮುಖಿಯ ಬಳಿ, ವಾರಗಟ್ಟಲೆ ನೆಲ ನಡುಗಿತು. ಉಪಗ್ರಹದ ರೇಡಾರ್ ಚಿತ್ರಗಳನ್ನು ಹೋಲಿಸಿದಾಗ 60 ಕಿಲೋಮೀಟರ್ ಉದ್ದಕ್ಕೆ ನೆಲ ಇಬ್ಭಾಗವಾಗಿ ಸರಿದಿತ್ತು, ಕೆಲವೆಡೆ 8 ಮೀಟರ್ ಅಗಲ. ಒಳಗೆ ಕರಗಿದ ಕಲ್ಲು ತುಂಬಿಕೊಂಡಿತ್ತು, ಮೇಲೆ ಚೆಲ್ಲಿದ್ದು ಮಾತ್ರ ಅತ್ಯಲ್ಪ. ಅಲ್ಲಿ ಖಂಡಗಳು ಸರಿಯುವ ಸರಾಸರಿ ವೇಗ ವರ್ಷಕ್ಕೆ ಎರಡು ಸೆಂಟಿಮೀಟರಿಗಿಂತ ಕಡಿಮೆ. ಲೆಕ್ಕ ಹಾಕಿದರೆ ನಾಲ್ಕು ಶತಮಾನಕ್ಕೂ ಹೆಚ್ಚಿನ ಬಾಕಿ ಕೆಲವೇ ವಾರಗಳಲ್ಲಿ ಚುಕ್ತಾ ಆಯಿತು. ಬಿರುಕು ಕಣಿವೆಗಳ ನಡಿಗೆಯೇ ಹೀಗೆ. ಬಡ್ಡಿ ಬೆಳೆಯುತ್ತ ಹೋಗುತ್ತದೆ, ಯಾವುದೋ ಒಂದು ದಿನ ಅಸಲು ಸಮೇತ ವಸೂಲಿ. ಹಾರೋಹಳ್ಳಿಯ ಹೊಲದಲ್ಲಿ ಕರಿಕಲ್ಲಿನ ಮೇಲೆ ಕೂತಾಗಲೆಲ್ಲ ನನಗೆ ಅಫಾರ್ ನೆನಪಾಗುತ್ತದೆ. ನಾವು ಇಲ್ಲಿ ನೋಡುತ್ತಿರುವುದು ಅಂಥದೊಂದು ಕಣಿವೆಯ ಒಳಾಂಗವನ್ನು, ಮೇಲಿನ ಕಿಲೋಮೀಟರುಗಟ್ಟಲೆ ಕಲ್ಲನ್ನು ಮಳೆಗಾಳಿ ಸವೆಸಿ ತೆಗೆದ ಮೇಲೆ.

ಹಾಗಾದರೆ ಈ ನೆಲ ಹರಿದುಹೋಗದೆ ಉಳಿದದ್ದು ಹೇಗೆ? ಇದಕ್ಕೆ ಒಂದು ಉತ್ತರ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ತಂತಿ ಹಿಡಿದು ಹೊರಟರೆ ಸಿಗುತ್ತದೆ. 1902ರಲ್ಲಿ ಅಲ್ಲಿ ತಯಾರಾದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. ಗಣಿ ಮುಂದೆ 3.2 ಕಿಲೋಮೀಟರ್ ಆಳಕ್ಕೆ ಇಳಿಯಿತು. ಅಷ್ಟು ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ಮೀರಿ, ಗಾಳಿ ತಣ್ಣಗೆ ಮಾಡದೆ ಕೆಲಸ ಮಾಡುವಂತಿರಲಿಲ್ಲ. ಅಲ್ಲಿ ಬೆವರು ಸುರಿಸಿದವರಿಗೆ ಈ ಮಾತು ಕೇಳಿದರೆ ಸಿಟ್ಟು ಬಂದೀತು, ಆದರೆ ಭೂವಿಜ್ಞಾನದ ಲೆಕ್ಕದಲ್ಲಿ ಇದು ತಣ್ಣನೆಯ ನೆಲ. ಸಾಮಾನ್ಯ ಖಂಡಗಳಲ್ಲಿ ಕಿಲೋಮೀಟರಿಗೆ 25–30 ಡಿಗ್ರಿ ಬಿಸಿ ಏರುತ್ತದೆ, ಕೋಲಾರದಲ್ಲಿ ಹನ್ನೆರಡರ ಆಸುಪಾಸು ಮಾತ್ರ. ತಣ್ಣಗಿದ್ದಷ್ಟೂ ಹೋಳಿಗೆಯ ಕಣಕ ದಪ್ಪ, ಹೂರಣ ತೆಳು. 1970ರ ದಶಕದಲ್ಲಿ ಪೂರ್ವ ಕರಾವಳಿಯ ಕಾವಲಿಯಿಂದ ಉಡುಪಿಯವರೆಗೆ, ಸುಮಾರು 600 ಕಿಲೋಮೀಟರ್, ನೆಲದಲ್ಲಿ ಸಿಡಿಮದ್ದು ಸಿಡಿಸಿ ಅದರ ಅಲೆಗಳಿಂದ ಆಳವನ್ನು ತಡವಿ ನೋಡಿದರು. ಆಮೇಲೆ ಭೂಕಂಪದ ಅಲೆಗಳಿಂದಲೂ ಅಳೆದರು. ಕ್ಲೋಸ್‌ಪೇಟೆ ಗ್ರಾನೈಟಿನ ಪೂರ್ವಕ್ಕೆ ಭೂಚಿಪ್ಪು 35 ಕಿಲೋಮೀಟರ್ ಅಕ್ಕಪಕ್ಕ, ಪಶ್ಚಿಮಕ್ಕೆ ಹೋದಂತೆ 40 ದಾಟಿ 50ರ ತನಕವೂ ದಪ್ಪ. ಎಳೆದು ತೆಳ್ಳಗಾದ ನೆಲದ ಲಕ್ಷಣ ಇದಲ್ಲ. ಡೈಕುಗಳು ಒಂದೆರಡು ಪರ್ಸೆಂಟ್ ಹಿಗ್ಗಿಸಿದ್ದಿರಬಹುದು, ಹೋಳಿಗೆಯನ್ನು ಅರ್ಧ ದಪ್ಪಕ್ಕೆ ತಂದ ಎಳೆತ ಇಲ್ಲಿ ನಡೆಯಲೇ ಇಲ್ಲ.

ಆಫ್ರಿಕಾದಲ್ಲೂ ಬಿರುಕು ಕಣಿವೆ ದಕ್ಷಿಣಕ್ಕೆ ಬರುತ್ತ ಟಾಂಜಾನಿಯಾದ ಹಳೆಯ ಗಟ್ಟಿ ನೆಲ ಎದುರಾದ ಕೂಡಲೇ ಎರಡು ಕವಲಾಗಿ, ಬಂಡೆ ಬಳಸಿ ಹೋಗುವ ಹೊಳೆಯಂತೆ ಸುತ್ತಿಕೊಂಡು ಹೋಗಿದೆ. ಗಟ್ಟಿ ಇರುವಲ್ಲಿ ಹರಿಯುವುದಿಲ್ಲ, ಹೊಲಿಗೆ ಸಡಿಲವಾದಲ್ಲಿ ಹರಿಯುತ್ತದೆ. ಇದನ್ನು ನಿಯಮ ಎಂದು ಬರೆದಿಡಬಹುದಿತ್ತು, ಮಲ್ಪೆ ಇಲ್ಲದಿದ್ದರೆ.

ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರಿಸ್ ದ್ವೀಪಕ್ಕೆ ಹೋದವರು ಆರು ಮೂಲೆಯ ಕಲ್ಲುಕಂಬಗಳ ಮೇಲೆ ನಿಂತು ಫೋಟೊ ತೆಗೆಸಿಕೊಂಡು ಬರುತ್ತಾರೆ. ಅವನ್ನು ಬಸಾಲ್ಟ್ ಎಂದು ಹೇಳುವ ರೂಢಿ ಬಲವಾಗಿದೆ, ಆದರೆ ಅದು ಸಿಲಿಕಾ ಹೆಚ್ಚಿರುವ ರಯೊಲೈಟ್ ಜಾತಿಯ ಲಾವಾ. ಸುಮಾರು 9 ಕೋಟಿ ವರ್ಷಗಳ ಹಿಂದೆ ಉಕ್ಕಿದ್ದು. ಅದೇ ಕಾಲದ ಲಾವಾ ಮಡಗಾಸ್ಕರಿನಲ್ಲೂ ಇದೆ, ಏಕೆಂದರೆ ಆಗ ಎರಡೂ ಒಂದೇ ನೆಲ. ಈ ಸಲ ಎಳೆತ ನಿಲ್ಲಲಿಲ್ಲ. ಹೋಳಿಗೆ ತೆಳ್ಳಗಾಗಿ, ಇನ್ನೂ ತೆಳ್ಳಗಾಗಿ, ಕೊನೆಗೆ ಹರಿದು, ನಡುವೆ ಆರೇಳು ಕಿಲೋಮೀಟರ್ ದಪ್ಪದ ಹೊಚ್ಚಹೊಸ ಸಾಗರದ ನೆಲ ಹುಟ್ಟಿತು. ಹರಿದ ಗೆರೆ ಹಳೆಯ ಗಟ್ಟಿ ನೆಲವನ್ನು ಪೂರ್ತಿ ಬಳಸಿಯೂ ಹೋಗಲಿಲ್ಲ. ಮಡಗಾಸ್ಕರಿನ ಈಶಾನ್ಯದ ಅಂಟೊಂಗಿಲ್ ಕರಾವಳಿಯಲ್ಲಿರುವ ಮುನ್ನೂರು ಕೋಟಿ ವರ್ಷ ಮೀರಿದ ನೈಸ್, ನಮ್ಮ ಪಶ್ಚಿಮ ಕರ್ನಾಟಕದ ನೈಸಿನ ಒಡಹುಟ್ಟು. ಒಂದು ಚೂರು ಅವರ ಪಾಲಿಗೆ ಹೋಯಿತು. ಗಟ್ಟಿ ನೆಲವೂ ಅಂಚಿನಲ್ಲಿ ಹರಿಯುತ್ತದೆ ಎಂದಷ್ಟೇ ಹೇಳಬಲ್ಲೆ. ಅದಕ್ಕೆ ಅಡಿಯಿಂದ ಬಂದ ಬಿಸಿ ಎಷ್ಟು ಕಾರಣ, ಪಕ್ಕದಿಂದ ಬಿದ್ದ ಎಳೆತ ಎಷ್ಟು ಕಾರಣ ಎಂಬ ಜಗಳದಲ್ಲಿ ನನ್ನ ಒಲವು ಎರಡೂ ಬೇಕಿತ್ತು ಎನ್ನುವವರ ಕಡೆಗೆ.

ಹರಿದ ಅಂಚು ಭಾರ ಕಳಚಿಕೊಂಡು ಮೇಲೆದ್ದು ನಿಲ್ಲುತ್ತದೆ. ಪಶ್ಚಿಮಘಟ್ಟ ಸಮುದ್ರದ ಕಡೆಗೆ ಗೋಡೆಯಂತೆ ಕಡಿದಾಗಿರುವುದಕ್ಕೂ ನಮ್ಮ ಕಡೆಗೆ ಮೆಲ್ಲಗೆ ಇಳಿಜಾರಾಗಿರುವುದಕ್ಕೂ ಬೇರು ಅಲ್ಲಿದೆ. ಮಡಗಾಸ್ಕರಿನ ಭೂಪಟವನ್ನು ತೆರೆದು ನೋಡಿ. ಅಲ್ಲಿ ಪೂರ್ವ ಕರಾವಳಿ ನೂಲು ಹಿಡಿದಷ್ಟು ನೇರ, ಅದರ ಬೆನ್ನಿಗೇ ಕಡಿದಾದ ಘಟ್ಟ. ಪೂರ್ವಕ್ಕೆ ಇಳಿಯುವ ಹೊಳೆಗಳು ಗಿಡ್ಡ, ರಭಸದವು. ಬೆಟ್ಸಿಬೊಕಾ, ಮಂಗೊಕಿಯಂಥ ದೊಡ್ಡ ನದಿಗಳೆಲ್ಲ ಹತ್ತಿರದ ಸಮುದ್ರಕ್ಕೆ ಬೆನ್ನು ಹಾಕಿ ಪಶ್ಚಿಮದ ಕಡೆ ಹೋಗುತ್ತವೆ. ನಮ್ಮ ಭೂಪಟವನ್ನು ಕನ್ನಡಿಗೆ ಹಿಡಿದಂತೆ. ತಲಕಾವೇರಿಯಿಂದ ಅರಬ್ಬಿ ಸಮುದ್ರ ನೇರ ದೂರದಲ್ಲಿ 50 ಕಿಲೋಮೀಟರ್ ಇರಬಹುದು. ಕಾವೇರಿ ಅದನ್ನು ಬಿಟ್ಟು 800 ಕಿಲೋಮೀಟರ್ ಹರಿದು ಬಂಗಾಳ ಕೊಲ್ಲಿ ಸೇರುತ್ತಾಳೆ.

ದೇವರಾಯನದುರ್ಗದ ಕಡೆಯಿಂದ ಬಂದು ಮದ್ದೂರನ್ನು ಹಾಯುವ ಶಿಂಷೆಯೂ ಈ ಇಳಿಜಾರಿನ ಮಗಳೇ. ಶಿವನಸಮುದ್ರದ ಕೆಳಗೆ ಕಾವೇರಿಯನ್ನು ಕೂಡಿಕೊಂಡು ತಂಜಾವೂರಿನ ಕಡೆ ಹೋಗುತ್ತಾಳೆ. ಅಲ್ಲಿನ ಗದ್ದೆಗಳ ಅಡಿಯಲ್ಲಿರುವುದು ಇನ್ನೊಂದು ಎಳೆತದ ಗುಂಡಿ, ಮಡಗಾಸ್ಕರಿಗಿಂತ ಮೊದಲು ಅಂಟಾರ್ಕ್ಟಿಕಾ ನಮ್ಮ ಪೂರ್ವದ ಅಂಚಿನಿಂದ ಬಿಡಿಸಿಕೊಂಡು ಹೋದಾಗ ತೆಳ್ಳಗಾಗಿ ಕುಸಿದ ನೆಲ. ಕೆಲವೆಡೆ ಐದು ಕಿಲೋಮೀಟರಿಗೂ ಹೆಚ್ಚು ದಪ್ಪಕ್ಕೆ ಕೆಸರು ತುಂಬಿಕೊಂಡಿದೆ. ನರಿಮಣಂನಲ್ಲಿ ತೈಲ ಸಿಗುವುದು ಆ ಕೆಸರಿನ ಪದರಗಳಿಂದಲೇ. ಹಾರೋಹಳ್ಳಿಯ ಕರಿಕಲ್ಲೂ ನಿಡಘಟ್ಟದ ಸುತ್ತಿನ ಕೆಂಪು ಮಣ್ಣೂ ಸವೆದು ಆ ಗುಂಡಿಯ ಹಾದಿ ಹಿಡಿಯುತ್ತವೆ. ಹೆಚ್ಚಿನದು ಈಗ ಅಲ್ಲಿಯ ತನಕ ಹೋಗುವುದಿಲ್ಲ. 1934ರಿಂದ ಮೆಟ್ಟೂರು ಅಣೆಕಟ್ಟೆಯ ಹಿಂದೆಯೇ ನಿಂತುಬಿಡುತ್ತದೆ.